ಏಳು ದಿನಗಳೊಳಗೆ ವಿವರಣೆ

ಶುಕ್ರವಾರ ಸಂಜೆಯ ರೈಲು ಕೊಲ್ಲಂ ದಾಟುವಷ್ಟರಲ್ಲಿ ನನಗೆ ಜೊಂಪು ಹತ್ತಿಬಿಡುತ್ತಿತ್ತು. ಅದನ್ನು ನಿದ್ದೆ ಅನ್ನುವ ಹಾಗಿಲ್ಲ. ಕಣ್ಣು ಮುಚ್ಚಿರುತ್ತಿತ್ತು, ಕಿವಿ ಮಾತ್ರ ಎಚ್ಚರವಿರುತ್ತಿತ್ತು. ಎದುರು ಸೀಟಿನವರ ಮಲಯಾಳ ಮಾತು ಕೇಳುತ್ತ ಕೇಳುತ್ತ ನನ್ನೊಳಗೆ ತಾನಾಗಿ ಕನ್ನಡವಾಗುತ್ತಿತ್ತು. ಕೆಲವು ಸಲ ಕಾಸರಗೋಡಿನ ನಮ್ಮ ಅಜ್ಜಿಯೇ ಎದುರು ಕೂತು ಆ ಪರಕೀಯರ ಮನೆ ತಾಪತ್ರಯವನ್ನೆಲ್ಲ ಹೇಳುತ್ತಿದ್ದಾಳೆ ಅನ್ನಿಸುತ್ತಿತ್ತು. ಕಾಯಂಕುಳದಲ್ಲಿ ಚಾಯದವನು ಕೂಗಿದಾಗ ಎಚ್ಚರವಾದರೆ ಕಿಟಕಿಯಾಚೆ ಹಿನ್ನೀರು, ತೆಂಗಿನ ಮರಗಳು, ಆರುತ್ತಿರುವ ಬೆಳಕು. ಯಾವ ಭಾಷೆಯಲ್ಲಿ ಎದ್ದೆ ಅಂತ ತಿಳಿಯಲಿಕ್ಕೆ ನನಗೆ ಒಂದು ನಿಮಿಷ ಬೇಕಾಗುತ್ತಿತ್ತು.

ಹಾಗೆ ಹನ್ನೆರಡು ವರ್ಷ. ವಾರವೆಲ್ಲ ತಿರುವನಂತಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ, ಹೆಂಗಸರ ಹಾಸ್ಟೆಲಿನಲ್ಲಿ ಊಟ. ಶನಿವಾರ, ಭಾನುವಾರ ಕೊಚ್ಚಿಯಲ್ಲಿ, ವಿಲ್ಲಿಂಗ್ಡನ್ ಐಲ್ಯಾಂಡಿನ ಕ್ವಾರ್ಟರ್ಸಿನಲ್ಲಿ ಗಂಡನ ಜೊತೆ. ಅವರಿಗೆ ಬಂದರಿನಲ್ಲಿ ಕೆಲಸ. ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ಜನ ಬೈಯುತ್ತಾರೆ. ನನ್ನನ್ನು ಬೈಯುವವರಿರಲಿಲ್ಲ, ನಾನೇ ಬೈದುಕೊಳ್ಳುತ್ತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುವುದು, ಅದಕ್ಕೆ ರೈಲು ತಡವಾದರೂ ಸಾಕು, ಚಾಯಕ್ಕೆ ಸಕ್ಕರೆ ಹೆಚ್ಚಾದರೂ ಸಾಕು.

ನನ್ನ ಕೆಲಸ ಭಾಷಾಂತರ. ಮಂತ್ರಿಗಳ ಹೇಳಿಕೆ, ಸರ್ಕಾರದ ಪ್ರಕಟಣೆ ಮಲಯಾಳದಲ್ಲಿ ಬರುತ್ತಿದ್ದವು. ಕಾಸರಗೋಡಿನ ಕನ್ನಡ ಪತ್ರಿಕೆಗಳಿಗೆ ಅವನ್ನು ಕನ್ನಡ ಮಾಡಿ ಕಳಿಸಬೇಕು. ಆ ಉದ್ದನೆಯ ಕೋಣೆಯಲ್ಲಿ ಕನ್ನಡ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ. ನಾನು ಬರೆದದ್ದು ಸರಿಯೋ ತಪ್ಪೋ ನೋಡುವವರಿಲ್ಲ. ಮೇಲಧಿಕಾರಿ ಪುಟದ ಅಂದ ನೋಡಿ, 'ಅಕ್ಷರ ಜಿಲೇಬಿ ಹಾಗಿದೆ' ಎಂದು ನಕ್ಕು ರುಜು ಹಾಕುತ್ತಿದ್ದರು. ದೊಡ್ಡ ಪದವಿಯೇನಲ್ಲ, ಆದರೆ ಆ ಮೂಲೆಯ ಮೇಜಿಗೆ ನಾನೇ ರಾಣಿ.

ಕೊಚ್ಚಿಯ ಮನೆಯನ್ನು ನಡೆಸುತ್ತಿದ್ದವರು ಚೇಚಿ. ಚೇಚಿ ಎಂದರೆ ಅಕ್ಕ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಬಂದರಿನ ಆಚೆಯ ದ್ವೀಪದಿಂದ ದಿನಾ ಬೆಳಿಗ್ಗೆ ಬೋಟು ಹತ್ತಿ ಬಂದು ಅಡುಗೆ ಮಾಡಿಟ್ಟು ಮಧ್ಯಾಹ್ನ ಹೋಗುವವರು. ನನ್ನನ್ನು 'ಮೋಳೇ' ಎಂದು, ಮಗಳೇ ಎಂದು ಕರೆಯುತ್ತಿದ್ದರು. ಹತ್ತನೆ ಕ್ಲಾಸಿನವರೆಗೆ ಓದಿದವರು, ದಿನಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದದೆ ಒಲೆ ಹೊತ್ತಿಸಿದವರಲ್ಲ. ನಾನು ಮಲಯಾಳದಲ್ಲಿ ಏನಾದರೂ ಬರೆದಿಟ್ಟರೆ ಅದರಲ್ಲಿ ತಪ್ಪು ಹುಡುಕಿ ತಿದ್ದುತ್ತಿದ್ದರು. ಅವರ ಮಾತನ್ನೆಲ್ಲ ನಾನಿಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೆನಪಿನಲ್ಲಿ ಅದು ಹಾಗೆಯೇ ಉಳಿದಿದೆ.

ಕ್ರಿಸ್‌ಮಸ್‌ನ ಮರುದಿನ ಸುನಾಮಿ ಬಂತಲ್ಲ, ಆ ಭಾನುವಾರ ಚೇಚಿ ನಮ್ಮ ಮನೆಯಲ್ಲಿದ್ದರು. ರಜೆಯ ದಿನ ಅವರು ಬರಬೇಕಾಗಿರಲಿಲ್ಲ. ಗಂಡನ ಆಫೀಸಿನವರು ಊಟಕ್ಕೆ ಬರುವವರಿದ್ದರು, ನಾನೇ ಬರಹೇಳಿದ್ದೆ. ಅಡುಗೆಮನೆಯಲ್ಲಿ ನಾವಿಬ್ಬರೂ ತೆಂಗಿನಕಾಯಿ ತುರಿಯುತ್ತಿದ್ದೆವು. ಕಿಟಕಿಯಿಂದ ಕಾಣುವ ಕಾಯಲಿನ, ಅಂದರೆ ಹಿನ್ನೀರಿನ, ನೀರು ಆ ಮಧ್ಯಾಹ್ನ ಒಮ್ಮೆ ಕೆಳಗಿಳಿದು ಕೆಸರು ತೋರಿಸಿತು. ಬಿಸಿಲು ಬಿದ್ದು ಕೆಸರು ಹೊಳೆಯುತ್ತಿತ್ತು. 'ಚಂದ ಉಂಟಲ್ಲ ಚೇಚಿ' ಅಂದೆ ನಾನು. ಇವತ್ತಿಗೂ ಆ ಮಾತು ನನ್ನ ನಾಲಿಗೆಯ ಮೇಲೆ ಕಹಿಯಾಗಿಯೇ ಇದೆ.

ದ್ವೀಪದ ಪಡುವಣ ದಂಡೆಯಲ್ಲಿ ಅವರ ಮನೆ. ಅಲ್ಲಿ ಮಲಗಿದಲ್ಲೇ ಇದ್ದ ಅವರ ತಾಯಿ, ಅಮ್ಮಚ್ಚಿ. ನೀರು ಒಳಗೆ ಬಂದಾಗ ನೆರೆಯವರು ಓಡಿದರು, ಅವರಿಗೆ ಅವರ ಮಕ್ಕಳಿದ್ದರು. ಅಮ್ಮಚ್ಚಿಯನ್ನು ಎತ್ತಿಕೊಳ್ಳಬೇಕಾದವರು ನನ್ನ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದರು.

ಆ ದಂಡೆಗೆ ಕಲ್ಲಿನ ತಡೆಗೋಡೆ ಇತ್ತು. ತೆಂಕಿನಿಂದ ಒಂದು ಸಾಲು ಬಂದಿತ್ತು, ಬಡಗಿನಿಂದ ಒಂದು ಸಾಲು ಬಂದಿತ್ತು. ಮಧ್ಯದಲ್ಲಿ ಒಂದಷ್ಟು ಉದ್ದ ಖಾಲಿ. ಸರಿಯಾಗಿ ಚೇಚಿಯ ಮನೆಯ ಎದುರಿಗೆ. ಗೋಡೆಗೆ ಅಡಿಗಲ್ಲು ಹಾಕಿದ್ದ ಸಚಿವರು ಮಳೆಗಾಲ ಕಳೆದ ಮೇಲೆ ಅದನ್ನೂ ಮುಚ್ಚುತ್ತೇವೆ ಅಂದಿದ್ದರಂತೆ. ಮಳೆಗಾಲಗಳು ಬಂದವು, ಹೋದವು. ಚೇಚಿ, ಅಮ್ಮಚ್ಚಿ ಇಬ್ಬರೂ ಸೇರಿ ಎಷ್ಟು ಅರ್ಜಿ ಬರೆದರೋ! ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಆ ಭಾನುವಾರ ಕಡಲು ಗೋಡೆಯ ಆ ಬಾಯಿಯಿಂದಲೇ ಒಳಗೆ ಬಂತು. ಗೋಡೆ ಇದ್ದಲ್ಲಿ ಮನೆಗಳು ನೆನೆದವು, ನಿಂತವು. ಗೋಡೆ ಇಲ್ಲದಲ್ಲಿ ಬರಿ ಮರಳು ಉಳಿಯಿತು.

ಆಮೇಲೆ ಕೆಲವು ತಿಂಗಳು ಚೇಚಿ ಇದ್ದದ್ದು ಒಂದು ಶಾಲೆಯಲ್ಲಿ ಮಾಡಿದ ಶಿಬಿರದಲ್ಲಿ. ಅಲ್ಲಿಂದಲೇ ಕೆಲಸಕ್ಕೆ ಬರುತ್ತಿದ್ದರು. ರಜೆ ತೆಗೆದುಕೊಳ್ಳಿ ಎಂದರೆ, 'ಶಾಲೆಯ ಬೆಂಚಿನ ಮೇಲೆ ಕೂತು ನಾನು ಎಂತ ಮಾಡಲಿ, ಮಗ್ಗಿ ಬಾಯಿಪಾಠ ಮಾಡಲಾ?' ಅನ್ನುತ್ತಿದ್ದರು. ಒಂದು ಶನಿವಾರ ಅಕ್ಕಿ ಆರಿಸುತ್ತ ನೆಲ ನೋಡಿಕೊಂಡೇ ಹೇಳಿದರು.

'ಎಲ್ಲರೂ ಬಂದು ಒಂದೇ ಮಾತು ಹೇಳ್ತಾರೆ ಮೋಳೇ. ಕಡಲ್ ಕೊಂಡುಪೋಯಿ. ಕಡಲು ಕೊಂಡುಹೋಯಿತು. ಪಾದ್ರಿಯೂ ಅದನ್ನೇ ಹೇಳಿದರು, ಪಂಚಾಯತಿನವರೂ ಅದನ್ನೇ ಹೇಳಿದರು. ಕಡಲಿನ ಹತ್ತಿರ ನಾನು ಎಂತ ಕೇಳುದು? ಅದು ಬಾಯಿ ಬಿಟ್ಟು ಹೇಳ್ತದಾ? ಗೋಡೆಗೆ ಬಾಯಿ ಬಿಟ್ಟವರು ಮನುಷ್ಯರಲ್ವಾ? ತಪ್ಪು ನಮ್ಮದು ಅಂತ ಅವರು ಒಂದು ಸಲ ಹೇಳಲಿ. ನನಗೆ ಅವರ ಅಕ್ಕಿ ಬೇಡ, ತಾಡಪಾಲು ಬೇಡ. ಅಮ್ಮಚ್ಚಿ ಸತ್ತದ್ದು ಹಣೆಬರಹದಿಂದ ಅಲ್ಲ ಅಂತ ಹೇಳಲಿ.'

ಸರ್ಕಾರದಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದವಳು ನಾನು. 'ತಪ್ಪು ನಮ್ಮದು' ಎಂಬ ಐದು ಅಕ್ಷರ ಯಾವ ಮಂತ್ರಿಯ ಹೇಳಿಕೆಯಲ್ಲೂ ಕಂಡದ್ದಿರಲಿಲ್ಲ.

ಆ ಸೋಮವಾರ ನಸುಕಿನಲ್ಲಿ ರೈಲು ಹಿಡಿದು ತಿರುವನಂತಪುರಕ್ಕೆ ಹೋದೆ. ಮಧ್ಯಾಹ್ನದ ಊಟವಾಗಿತ್ತು. ಹೊರಗೆ ಸೆಕೆ, ಒಳಗೆ ಫ್ಯಾನಿನ ಗರಗರ. ಮೇಜಿನ ಮೇಲೆ ಒಂದು ಪ್ರಕಟಣೆ ಬಂದು ಬಿತ್ತು. ಅದೇ ಸಚಿವರು ಶಿಬಿರಗಳಿಗೆ ಹೋಗಿ ಆಡಿದ ಮಾತು. ನಾನು ಬರೆಯತೊಡಗಿದೆ. ಆ ಹೊತ್ತಿನಲ್ಲಿ ಅರ್ಧ ಜೀವ ಇನ್ನೂ ರೈಲಿನಲ್ಲೇ ತೂಗುತ್ತಿರುತ್ತದೆ. ಕಾಗದದ ಮೇಲಿನ ಸಾಲುಗಳು ಹಿನ್ನೀರಿನಂತೆ ಮೆಲ್ಲಗೆ ಸರಿದವು. ಕೊನೆಯ ಸಾಲು ಹೀಗಿತ್ತು: 'ಜನಙ್ಙಳುಡೆ ಭಾಗತ್ತುನಿನ್ನು ಕ್ಷಮ ಉಂಡಾಗಣಂ.'

ಜನರ ಕಡೆಯಿಂದ ಕ್ಷಮ ಉಂಟಾಗಬೇಕು. ಮಲಯಾಳದಲ್ಲಿ ಕ್ಷಮ ಎಂದರೆ ಮೊದಲು ತಾಳ್ಮೆ. ಜನರು ತಾಳ್ಮೆ ವಹಿಸಬೇಕು, ಅಷ್ಟೇ ಅವರು ಹೇಳಿದ್ದು. ಅದು ನನಗೆ ಗೊತ್ತಿಲ್ಲವೇ? ಬಸ್ಸಿನಲ್ಲಿ ಕಂಡಕ್ಟರನೂ ಅದನ್ನೇ ಹೇಳುತ್ತಾನೆ. ಆದರೆ ಜೊಂಪಿನಲ್ಲಿ ಆ ಪದ ನನ್ನೊಳಗೆ ಕನ್ನಡವಾಗಿ ಇಳಿಯಿತು. 'ಜನರಿಂದ ಕ್ಷಮೆ ದೊರೆಯಬೇಕೆಂದು ಸಚಿವರು ಕೋರಿದರು' ಎಂದು ಬರೆದೆ. ಬರೆದು ಒಂದು ಸಲ ಓದಿಯೂ ನೋಡಿದೆ. ಕಣ್ಣು ತುಂಬಿ ಬಂತು. ಅಬ್ಬ, ಕೊನೆಗೂ ಒಬ್ಬ ಹೇಳಿದನಲ್ಲ ಅಂತ ಸಮಾಧಾನವಾಯಿತು. ಆ ಮಾತು ನನಗೆ ಅಷ್ಟು ಬೇಕಾಗಿತ್ತು, ಅದಕ್ಕೇ ನನ್ನ ಕೈಯಿಂದಲೇ ಬಂದುಬಿಟ್ಟಿತು ಅಂತ ಈಗ ಅನ್ನಿಸುತ್ತದೆ. ಮೇಲಧಿಕಾರಿ ಜಿಲೇಬಿಗೆ ರುಜು ಹಾಕಿದರು.

ಮೂರನೇ ದಿನ ಹಾಸ್ಟೆಲಿಗೆ ಅಪ್ಪನ ಫೋನು ಬಂತು. ಅಪ್ಪ ಕಾಸರಗೋಡಿನಲ್ಲಿ ವಕೀಲರ ಗುಮಾಸ್ತರಾಗಿದ್ದವರು, ಮಂತ್ರಿಗಳನ್ನು ಹೊಗಳಿದ್ದು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ.

'ನೋಡಿದ್ಯಾ ಮಗಾ ಪೇಪರು? ಜನರ ಕ್ಷಮೆ ಕೋರಿದ ಸಚಿವ ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ. ಇಷ್ಟು ಕಾಲಕ್ಕೆ ಒಬ್ಬ ಮನುಷ್ಯ ಅಂತ ಕಂಡ ಮಾರಾಯ್ತಿ! ಕನ್ನಡವೂ ಚೆನ್ನಾಗುಂಟು, ನೀನೇ ಬರೆದದ್ದಲ್ವಾ?'

'ಹೌದಪ್ಪ' ಎಂದು ಬೀಗಿದೆ. ಅಪ್ಪ ಆ ತುಂಡು ಕತ್ತರಿಸಿ ಅಂಚೆಯಲ್ಲಿ ಕೊಚ್ಚಿಗೆ ಕಳಿಸಿದರು.

ಮುಂದಿನ ಶನಿವಾರ ಅದನ್ನು ಚೇಚಿಗೆ ಓದಿ ಹೇಳಿದೆ. ಕನ್ನಡದಲ್ಲಿ ಓದಿ, ಆಮೇಲೆ ಮಲಯಾಳದಲ್ಲಿ, 'ಮಂತ್ರಿ ಜನರ ಹತ್ತಿರ ಮಾಪ್ಪು ಕೇಳಿದ್ದಾರೆ' ಅಂದೆ. ಚೇಚಿ ಒದ್ದೆ ಕೈ ಒರೆಸಿಕೊಂಡು ಆ ತುಂಡನ್ನು ತೆಗೆದುಕೊಂಡರು. ಓದಲು ಬಾರದ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

'ನಮ್ಮ ಪೇಪರಿನಲ್ಲಿ ಯಾಕೆ ಬರಲಿಲ್ಲ?'

'ಬಿಟ್ಟುಹೋಗಿರಬಹುದು ಚೇಚಿ.'

ಅಷ್ಟು ಹೇಳಿದಾಗಲಾದರೂ ನನ್ನ ತಲೆಗೆ ಹೊಳೆಯಬಾರದೇ? ಹೊಳೆಯಲಿಲ್ಲ. ಚೇಚಿ ತುಂಡನ್ನು ಮಡಚಿ ರೇಷನ್ ಕಾರ್ಡಿನ ಕವರಿನಲ್ಲಿಟ್ಟುಕೊಂಡರು. ಆ ದಿನ ಅವರು ಮೊದಲ ಬಾರಿಗೆ ನನ್ನ ಜೊತೆ ಕೂತು ಒಂದು ಲೋಟ ಚಾಯ ಕುಡಿದರು, ಅಮ್ಮಚ್ಚಿ ಮೀನಿನ ಸಾರಿಗೆ ಹುಳಿ ಜಾಸ್ತಿ ಹಾಕುತ್ತಿದ್ದ ವಿಷಯವನ್ನು ನಗುತ್ತ ಹೇಳಿದರು. ಬೋಟಿನ ಹೊತ್ತು ಮೀರಿದರೂ ಏಳಲಿಲ್ಲ. ಕಾಯಲಿನ ಮೇಲೆ ಮೋಡ ಕವಿದು ಅಡುಗೆಮನೆ ಹಸಿರು ಬಣ್ಣವಾಗಿತ್ತು. ನಾನು ಬಹಳ ದೊಡ್ಡ ಕೆಲಸ ಮಾಡಿದವಳ ಹಾಗೆ ಕೂತಿದ್ದೆ.

ಕಾಸರಗೋಡಿನ ಕಡೆಯ ವಿರೋಧ ಪಕ್ಷದವರೊಬ್ಬರು ಆ ಸುದ್ದಿಯನ್ನು ಹಿಡಿದುಕೊಂಡು ಭಾಷಣ ಮಾಡಿದರಂತೆ. ತಪ್ಪು ಒಪ್ಪಿದ ಮೇಲೆ ಕುರ್ಚಿಯಲ್ಲಿ ಯಾಕೆ ಕೂತಿದ್ದೀರಿ ಎಂದು ಕೇಳಿದರಂತೆ. ಸಚಿವರ ಕಚೇರಿಯಿಂದ ನಮ್ಮ ಕಚೇರಿಗೆ ಫೋನು ಬಂತು. ಮೇಲಧಿಕಾರಿ ನನ್ನನ್ನು ಕರೆದು ಮಲಯಾಳದ ಹಾಳೆಯನ್ನೂ ಕನ್ನಡದ ಹಾಳೆಯನ್ನೂ ಪಕ್ಕಪಕ್ಕ ಇಟ್ಟರು. 'ಇಲ್ಲಿ ಕ್ಷಮ. ಅಲ್ಲಿ ಏನು?' ಅಂದರು.

ಕೆಲಸ ಹೋಗುತ್ತದೆ ಅಂತ ಹೆದರಿದೆನಾ ಎಂದರೆ, ಹೆದರಿದೆ. ಸುಳ್ಳು ಯಾಕೆ ಹೇಳಲಿ. ಆದರೆ ಮೊದಲು ಕಣ್ಣಿಗೆ ಬಂದದ್ದು ರೇಷನ್ ಕಾರ್ಡಿನ ಕವರು.

ಸಂಜೆಯೊಳಗೆ ಮೆಮೊ ಬಂತು. ಸರ್ಕಾರಿ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕೆಳಗಿನವರು ತಪ್ಪು ಮಾಡಿದರೆ ಮೇಲಿನವರು ಕೊಡುವ ಕಾಗದ ಅದು. ತಾವು ಇಂಥ ತಪ್ಪು ಮಾಡಿರುತ್ತೀರಿ. ತಮ್ಮ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಲಿಖಿತ ವಿವರಣೆ ನೀಡತಕ್ಕದ್ದು. ಎರಡು ಪ್ರತಿ ಇರುತ್ತದೆ, ಒಂದರಲ್ಲಿ 'ಕೈಪ್ಪಟ್ಟಿ', ಅಂದರೆ ತಲುಪಿದೆ, ಎಂದು ಬರೆದು ರುಜು ಹಾಕಿ ಹಿಂದೆ ಕೊಡಬೇಕು. ಹಾಕಿ ಕೊಟ್ಟೆ. ನನಗೆ ಏಳು ದಿನ ಬೇಕಾಗಲಿಲ್ಲ. ಅಲ್ಲೇ ಕೂತು ಬರೆದೆ: 'ತಪ್ಪು ನನ್ನದೇ. ಪದದ ಅರ್ಥ ಗೊತ್ತಿದ್ದೂ ತಪ್ಪಿದೆ. ಮನ್ನಿಸಬೇಕು.' ಜೊತೆಗೆ ಪತ್ರಿಕೆಗಳಿಗೆ ಒಂದು ತಿದ್ದುಪಡಿಯನ್ನೂ ನನ್ನ ಕೈಯಿಂದಲೇ ಬರೆಸಿದರು: ಸಚಿವರು ಜನರ ಕ್ಷಮೆ ಕೋರಿಲ್ಲ. ಕೊನೆಗೆ ನನಗೊಂದು ತಾಕೀತು ಕೊಟ್ಟು ಬಿಟ್ಟರು.

ಆ ಶುಕ್ರವಾರದ ರೈಲಿನಲ್ಲಿ ಜೊಂಪು ಬರಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಶಾಂತ ಸ್ವಭಾವದವರು, ಅದೇ ನನಗೆ ಆಗದು.

'ಅವರಿಗೆ ಹೇಳಬೇಕು ಅಂತ ಎಂತ ಉಂಟು? ಇರಲಿ ಬಿಡು. ಒಂದು ತುಂಡು ಕಾಗದದಿಂದ ಅವರಿಗೆ ಸಮಾಧಾನ ಆಗ್ತದಾದ್ರೆ ಆಗಲಿ' ಅಂದರು.

'ಸುಳ್ಳು ಸಮಾಧಾನ ಕೊಡ್ಲಿಕ್ಕೆ ಆ ಮಂತ್ರಿ ಇಲ್ವಾ? ನಾನೂ ಯಾಕೆ?' ಎಂದು ಹರಿಹಾಯ್ದೆ. ಪಾಪ, ಅವರು ಚಪ್ಪಲಿ ಮೆಟ್ಟಿಕೊಂಡು ಜೆಟ್ಟಿಯ ಕಡೆ ನಡೆದರು.

ಮರುದಿನ ಬೆಳಿಗ್ಗೆ ಚೇಚಿ ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದರು. ಆ ಕಡೆ ಅದಕ್ಕೆ ಕಪ್ಪ ಅನ್ನುತ್ತಾರೆ. ನಾನು ಎದುರು ಕೂತೆ. 'ಚೇಚಿ, ಮಂತ್ರಿ ಮಾಪ್ಪು ಕೇಳಿದ್ದಲ್ಲ. ತಾಳ್ಮೆ ಇರಲಿ ಅಂದದ್ದು. ನಾನು ತಪ್ಪು ಬರೆದೆ. ತಪ್ಪು ನನ್ನದು' ಅಂದೆ. 'ಆ ಭಾನುವಾರ ನಿಮ್ಮನ್ನು ಬರಹೇಳಿದ್ದೂ ನಾನೇ' ಎಂಬುದೂ ಬಾಯಿಂದ ಬಂದುಹೋಯಿತು. ಅದನ್ನು ಹೇಳಬೇಕೆಂದು ನಾನು ಕೂತಿರಲಿಲ್ಲ.

ಚೇಚಿ ಕತ್ತಿ ಕೆಳಗಿಟ್ಟರು. ರೇಷನ್ ಕಾರ್ಡಿನ ಕವರಿನಿಂದ ಆ ತುಂಡನ್ನು ತೆಗೆದು ನನ್ನ ಕೈಗೆ ಕೊಟ್ಟರು. 'ಇದು ನಿನ್ನದು ಮೋಳೇ' ಅಂದರು. ಕಪ್ಪ ಬೇಯಿಸಿಟ್ಟು, ಪಾತ್ರೆ ತೊಳೆದು, ಹೋದರು. ಸೋಮವಾರ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ ಎಂದು ಗಂಡ ಫೋನಿನಲ್ಲಿ ಹೇಳಿದರು. ತಿರುವನಂತಪುರದಲ್ಲಿ ಸಂಜೆ ಹೊತ್ತು ಶಂಖುಮುಖದ ಕಡಲಿಗೆ ಹೋಗಿ ಕೂತೆ. ಜನ ಕಡಲೆ ತಿನ್ನುತ್ತಿದ್ದರು, ಮಕ್ಕಳು ನೀರಿಗೆ ಕಾಲು ಕೊಟ್ಟು ಕಿರುಚುತ್ತಿದ್ದವು. ಕಡಲು ಏನೂ ಆಗಿಯೇ ಇಲ್ಲ ಎಂಬಂತೆ ಬಂದು ಹೋಗುತ್ತಿತ್ತು. ಅದರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಗೋಡೆಯ ಮೇಲೆ, ಮನುಷ್ಯರ ಮೇಲೆ.

ಮುಂದಿನ ಶನಿವಾರ ಏಳು ಗಂಟೆಗೆ ಬಾಗಿಲು ಬಡಿದದ್ದು ಚೇಚಿಯೇ. ಕೊಡೆ ಮೂಲೆಗಿಟ್ಟು, ಬೇರೆ ಮಾತಿಲ್ಲದೆ ಕೇಳಿದರು.

'ನಿನಗೆ ಎಂತ ಮಾಡಿದರು?'

'ಮೆಮೊ ಕೊಟ್ಟರು ಚೇಚಿ.'

'ಎಲ್ಲಿ, ನೋಡುವ.'

ತಂದು ಕೊಟ್ಟೆ. ಬೆಳಕಿಗೆ ಹಿಡಿದು ಪತ್ರಿಕೆ ಓದುವಂತೆಯೇ ಮೊದಲ ಅಕ್ಷರದಿಂದ ಓದಿದರು. ನನ್ನ ಉತ್ತರದ ನಕಲನ್ನೂ ಓದಿದರು. 'ಉತ್ತರದಲ್ಲಿ ಒತ್ತು ಬಿಟ್ಟಿದ್ದೀ' ಅಂದರು. ಆಮೇಲೆ ಇನ್ನೊಮ್ಮೆ ಮೆಮೊ ಓದಿ ನಗಲಿಕ್ಕೆ ಸುರು ಮಾಡಿದರು.

'ಒಂದು ಪದಕ್ಕೆ ನಿನ್ನ ಹತ್ತಿರ ಇಷ್ಟು ಕೇಳಿದರಾ? ಏಳು ದಿನ ಅಂತ ಗಡು ಹಾಕಿ?'

'ಅದು ಕ್ರಮ ಚೇಚಿ.'

'ಹೌದಾ? ಈ ಕ್ರಮ ಚೆನ್ನಾಗುಂಟು. ನನಗೆ ಗೊತ್ತೇ ಇರಲಿಲ್ಲ. ನಾವು ಹತ್ತು ವರ್ಷ ಅರ್ಜಿ ಬರೆದದ್ದು. ಅರ್ಜಿ ಬರೆದರೆ ಯಾರು ಉತ್ತರ ಕೊಡ್ತಾರೆ? ಕೈಮುಗಿದು ಬರೆದದ್ದಲ್ವಾ.' ಮುಖ ಎತ್ತಿ ನನ್ನನ್ನು ನೋಡಿದರು. 'ಮೋಳೇ, ಒಂದು ಮೆಮೊ ಬರೆಯುವ. ಮಂತ್ರಿಗೆ.'

ನನಗೆ ನಗು ಬಂತು, ಮರುಕ್ಷಣ ಮೈ ಜುಂ ಅಂದಿತು. ನಾನು ಸರ್ಕಾರಿ ನೌಕರಳು, ತಾಕೀತಿನ ಮಸಿ ಇನ್ನೂ ಆರಿಲ್ಲ. ಗಂಡ ಒಳಗಿನಿಂದ, 'ಅದಕ್ಕೆ ಕಾನೂನಿನಲ್ಲಿ ಮೂರು ಕಾಸಿನ ಬೆಲೆ ಇಲ್ಲ' ಅಂದರು. ಆ ಮಾತು ಕೇಳಿದ್ದೇ ನಾನು ಪೆನ್ನು ಹುಡುಕಲು ಎದ್ದೆ.

ಅಡುಗೆಮನೆಯ ನೆಲದ ಮೇಲೆ ಕೂತು ಬರೆದೆವು. ನನ್ನ ಮೆಮೊ ಎದುರಿಗೆ. ನಾನು ಕಚೇರಿಯ ಧಾಟಿ ಹೇಳಿಕೊಟ್ಟೆ, ಚೇಚಿ ತಮ್ಮ ಗುಂಡು ಅಕ್ಷರದಲ್ಲಿ ಬರೆದರು. ಒಂದೊಂದು ಸಾಲೂ ಅದರಲ್ಲಿದ್ದ ಹಾಗೆಯೇ, ತಪ್ಪು ಮಾತ್ರ ಬೇರೆ. ಹೊರಗೆ ಮಳೆ ಬಂದು ನಿಂತಿತು, ಹಡಗೊಂದು ದೂರದಲ್ಲಿ ಕೂಗಿತು, ಅನ್ನ ಅಡಿಹಿಡಿಯಿತು, ಇಬ್ಬರಿಗೂ ಪರಿವೆಯಿಲ್ಲ. ಗೋಡೆಯಲ್ಲಿ ತಾವು ಬಾಯಿ ಬಿಟ್ಟಿರುತ್ತೀರಿ. ಮುಚ್ಚುತ್ತೇವೆ ಎಂದು ಹೇಳಿ ಮುಚ್ಚದೆ ಇದ್ದಿರುತ್ತೀರಿ. ಅದರಿಂದ ನನ್ನ ತಾಯಿ ಮಲಗಿದಲ್ಲೇ ಮುಳುಗಿ ಸತ್ತಿರುತ್ತಾರೆ. ಇದಕ್ಕೆ ಏಳು ದಿನಗಳೊಳಗೆ. ಚೇಚಿ ಎಲ್ಲೂ ನಿಲ್ಲಲಿಲ್ಲ. ತಾಯಿಯ ಹೆಸರು ಬರೆಯುವಾಗ ಮಾತ್ರ ಪೆನ್ನನ್ನು ಸೀರೆಗೆ ಒರೆಸಿಕೊಂಡರು.

ಸಚಿವರು ಜನರ ಪರಾತಿ, ಅಂದರೆ ದೂರು, ಕೇಳುವ ದಿನವೊಂದನ್ನು ಕಾಕ್ಕನಾಡಿನ ಕಲೆಕ್ಟರ ಕಚೇರಿಯಲ್ಲಿ ಇಟ್ಟುಕೊಂಡಿದ್ದರು. ಅದು ಶುಕ್ರವಾರ. ನಾನು ರಜೆ ಹಾಕಿದೆ. ಎರಡು ಬಸ್ಸು ಬದಲಿಸಿ ಹೋದೆವು. ಹೊಸ ಫ್ಲ್ಯಾಟುಗಳು, ಕಂಪನಿಯ ಕ್ಯಾಬುಗಳು, ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಹುಡುಗಿಯರು. ಚೇಚಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಪ್ಲಾಸ್ಟಿಕ್ ಫೈಲು ಎದೆಗೊತ್ತಿಕೊಂಡು ಕಿಟಕಿಯಿಂದ ಎಲ್ಲ ನೋಡುತ್ತಿದ್ದರು. 'ಇಲ್ಲೆಲ್ಲ ಕಡಲು ಬರುದಿಲ್ಲ ಅಲ್ವಾ' ಅಂದರು.

ಹಾಲಿನಲ್ಲಿ ಟೋಕನ್ನು, ಸಾಲು, ಬೆವರು. ನಮ್ಮ ಸರದಿ ಬರುವಾಗ ಊಟದ ಹೊತ್ತಾಗಿತ್ತು. ಸಚಿವರು ಟಿವಿಯಲ್ಲಿ ಕಂಡದ್ದಕ್ಕಿಂತ ವಯಸ್ಸಾದವರು, ದಣಿದಿದ್ದರು. ನಿಜ ಹೇಳಬೇಕೆಂದರೆ ನೋಡಲು ನಮ್ಮ ದೊಡ್ಡಪ್ಪನ ಹಾಗಿದ್ದರು. ಚೇಚಿ ಎರಡು ಪ್ರತಿಗಳನ್ನು ಮುಂದಿಟ್ಟರು. ಅವರು ತಲೆಬರಹ ನೋಡಿ ನಕ್ಕರು. ಪಕ್ಕದ ಅಧಿಕಾರಿಗೆ ತೋರಿಸಿದರು, ಅವರೂ ನಕ್ಕರು. ಹಿಂದಿನ ಸಾಲಿನವರೂ ಏನೆಂದು ತಿಳಿಯದೆ ನಕ್ಕರು. ಆಮೇಲೆ ಸಚಿವರು ಕೆಳಗಿನ ಸಾಲುಗಳಿಗೆ ಬಂದರು. ನಗು ನಿಂತಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

'ಅಮ್ಮೇ,' ಅಂದರು, ಮೆಲ್ಲಗೆ, ಮಗುವಿಗೆ ಹೇಳುವಂತೆ. 'ಮೆಮೊ ಅನ್ನುವುದು ಮೇಲಿನವರು ಕೆಳಗಿನವರಿಗೆ ಕೊಡುವುದು.'

'ಅದುಕೊಂಡು ತನ್ನೆಯಾ ಸಾರೇ' ಅಂದರು ಚೇಚಿ. ಅದಕ್ಕೇ ಕೊಡುತ್ತಿರುವುದು.

ನನಗೆ ಹೆಮ್ಮೆಯೆನಿಸಿತು. ಚೇಚಿ ಎರಡನೆಯ ಪ್ರತಿಯನ್ನು ಮುಂದೆ ತಳ್ಳಿ, 'ಇದರಲ್ಲಿ ಕೈಪ್ಪಟ್ಟಿ ಅಂತ ಬರೆದು ರುಜು ಹಾಕಬೇಕು' ಅಂದರು. ಅಧಿಕಾರಿ ಏನೋ ಹೇಳಲು ಬಾಗಿದರು. ಹಿಂದೆ ಜನ ನೋಡುತ್ತಿದ್ದರು, ಪತ್ರಿಕೆಯವರು ನೋಡುತ್ತಿದ್ದರು. ಸಚಿವರು ಪೆನ್ನು ತೆಗೆದು ಬರೆದುಕೊಟ್ಟರು. 'ತಾಳ್ಮೆ ಇರಲಿ' ಎಂದು ಬಾಯಿಗೆ ಬಂದಿತ್ತೋ ಏನೋ, ಹೇಳಲಿಲ್ಲ. ಗೋಡೆಯ ಬಗ್ಗೆಯೂ ಏನೂ ಹೇಳಲಿಲ್ಲ. ಮುಂದಿನವರನ್ನು ಕರೆದರು.

ಆ ವಾರವನ್ನು ತಿರುವನಂತಪುರದಲ್ಲಿ ನಾನು ಹೇಗೆ ಕಳೆದೆನೋ. ದಿನಾ ಮಧ್ಯಾಹ್ನ ಬಂದ ಪ್ರಕಟಣೆಗಳನ್ನೆಲ್ಲ ತಿರುಗಿಸಿ ನೋಡುತ್ತಿದ್ದೆ. ಆ ಸಚಿವರ ಹೇಳಿಕೆಗಳು ಬಂದವು: ಒಂದು ಸೇತುವೆಯ ಉದ್ಘಾಟನೆ, ಒಂದು ಸಂತಾಪ, ಒಂದು ಓಣಂ ಸಿದ್ಧತೆ. ಎಚ್ಚರದಿಂದ, ಒಂದೊಂದು ಪದವನ್ನೂ ಎರಡೆರಡು ಸಲ ನೋಡಿ ಕನ್ನಡ ಮಾಡಿದೆ. ಗೋಡೆಯ ವಿಷಯ ಇರಲಿಲ್ಲ. ಚೇಚಿ ಶಿಬಿರದ ವಿಳಾಸಕ್ಕೆ ಬರುವ ಅಂಚ್ಯಣ್ಣನನ್ನು ದಿನಾ ಗೇಟಿನಲ್ಲೇ ಹಿಡಿದು ಕೇಳುತ್ತಿದ್ದರಂತೆ.

ಎಂಟನೆಯ ದಿನ, ಶನಿವಾರ, ನಾನು ಎದ್ದು ಹಾಲು ಕಾಯಿಸುತ್ತಿದ್ದೆ. ಚೇಚಿ ಬಂದು ಕೊಡೆಯನ್ನೂ ಇಡದೆ ಬಾಗಿಲಲ್ಲೇ ನಿಂತರು.

'ಬಂತಾ?' ಅಂದೆ.

'ಇಲ್ಲ.'

ನನ್ನ ಜೀವ ಬಾಡಿತು. ಏನಾದರೂ ಹೇಳಬೇಕಲ್ಲ ಅಂತ, 'ಅವರಿಗೆ ನೂರು ಕೆಲಸ ಚೇಚಿ, ಇನ್ನೆರಡು ದಿನ ನೋಡುವ' ಅಂದೆ. ನನ್ನ ಬಾಯಲ್ಲೂ ತಾಳ್ಮೆಯ ಮಾತೇ ಬಂತಲ್ಲ ಎಂದು ನಾಲಿಗೆ ಕಚ್ಚಿಕೊಂಡೆ.

ಚೇಚಿ ಫೈಲಿನಿಂದ ರುಜು ಇದ್ದ ಪ್ರತಿ ತೆಗೆದರು. ತಾವೇ ಬರೆದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಶಾಲೆಯ ಮಕ್ಕಳ ಹಾಗೆ ನಿಂತು ಓದಿದರು. ನಿಗದಿತ ಅವಧಿಯೊಳಗೆ ವಿವರಣೆ ಬಾರದಿದ್ದಲ್ಲಿ ತಮಗೆ ಹೇಳಲು ಏನೂ ಇಲ್ಲವೆಂದೂ ತಪ್ಪನ್ನು ಒಪ್ಪಿಕೊಂಡಿರುವಿರೆಂದೂ ಭಾವಿಸಲಾಗುವುದು. ಎಲ್ಲ ಮೆಮೊಗಳಲ್ಲೂ ಇರುವ ಸಾಲು ಅದು. ನನ್ನದರಲ್ಲೂ ಇತ್ತು, ಯಾರೂ ಅದನ್ನು ಓದುವುದಿಲ್ಲ. ಚೇಚಿ ಎರಡು ಸಲ ಓದಿ ನನ್ನ ಮುಖ ನೋಡಿದರು.

'ನಿಮ್ಮ ಕಚೇರಿಯಲ್ಲಿ ಇದು ಹೀಗೇ ಅಲ್ವಾ ಮೋಳೇ? ಉತ್ತರ ಕೊಡದಿದ್ದರೆ?'

'ಹೀಗೇ ಚೇಚಿ.'

'ಹಾಗಾದರೆ ಒಪ್ಪಿದರು. ಸಮ್ಮತಿಚ್ಚು. ಅಲ್ವಾ?'

ಕಾನೂನು, ಬೆಲೆ, ಮೂರು ಕಾಸು, ಎಲ್ಲ ನನಗೆ ಗೊತ್ತಿತ್ತು. ಒಳಗಿನ ಕೋಣೆಯಲ್ಲಿ ಗಂಡ ಪತ್ರಿಕೆ ಮಡಚಿದ ಸದ್ದು ಕೇಳಿತು. ಪದಗಳಿಗೆ ಅರ್ಥ ಹೇಳುವುದೇ ನನ್ನ ಕಸುಬು. ಈ ಸಲ ಕಣ್ಣು ಪೂರ್ತಿ ತೆರೆದುಕೊಂಡು ಹೇಳಿದೆ.

'ಸಮ್ಮತಿಚ್ಚು ಚೇಚಿ. ಒಪ್ಪಿದ್ದಾರೆ.'

ಕೊಡೆ ಕೆಳಗೆ ಬಿತ್ತು. ಚೇಚಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು, 'ಅಮ್ಮಚ್ಚೀ' ಎಂದು ದೊಡ್ಡ ದನಿ ತೆಗೆದು ಅತ್ತರು. ಡಿಸೆಂಬರಿನಿಂದ ಇಲ್ಲಿಯವರೆಗೆ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಹಾಲು ಉಕ್ಕಿತು. ಒಲೆ ಆರಿಸಿ ನಾನೂ ಅವರ ಪಕ್ಕ ನೆಲದ ಮೇಲೆ ಕೂತೆ.